ಚೈನ್‌ಸಾದಲ್ಲಿ ಸೀಳಿದ ಹಲಗೆ ನುಣುಪಾಗಿ ಬರಲು ಏನು ಮಾಡಬೇಕು?

ಪ್ರಶ್ನೆ: ಚೈನ್‌ಸಾಗೆ (ಮೋಟಾರು ಗರಗಸ) ಮಿಲ್ ಫ್ರೇಮ್, ಅಂದರೆ ಹಲಗೆ ಒಂದೇ ದಪ್ಪಕ್ಕೆ ಬರಲು ಕಟ್ಟುವ ಚೌಕಟ್ಟು, ಹಾಕಿ ದಿಮ್ಮಿ ಸೀಳುತ್ತಿದ್ದೇನೆ. ಹಲಗೆ ಮೇಲೆಲ್ಲ ಅಲೆ ಅಲೆಯಾಗಿ ಗೀರು. ಉಜ್ಜಿ ಉಜ್ಜಿ ಸಾಕಾಗಿದೆ. ಚೈನ್ ಬದಲಿಸಬೇಕಾ?

ಉತ್ತರ 1: ಹೌದು, ಮೊದಲು ಚೈನ್ ನೋಡಿ. ಸಾಮಾನ್ಯ ಚೈನ್‌ನ ಹಲ್ಲಿನ ಅಂಚಿನ ಓರೆ 30 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ, ಅದು ಮರವನ್ನು ಅಡ್ಡ ಕತ್ತರಿಸಲು. ಉದ್ದಕ್ಕೆ ಸೀಳಲು ಸುಮಾರು 10 ಡಿಗ್ರಿಗೆ ಅರ ಹಾಕಿದ ರಿಪ್ಪಿಂಗ್ ಚೈನ್ ಬೇಕು. ಸ್ವಲ್ಪ ನಿಧಾನ, ಆದರೆ ಗೀರು ಕಡಿಮೆ. ಹಲ್ಲುಗಳೆಲ್ಲ ಒಂದೇ ಉದ್ದ ಇರಲಿ, ಒಂದು ಬದಿಯವು ಗಿಡ್ಡವಾದರೆ ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಒಂದು ಕಡೆಗೇ ಎಳೆಯುತ್ತದೆ.

ಉತ್ತರ 2: ಚೈನ್ ಎಷ್ಟೇ ಒಳ್ಳೆಯದಿರಲಿ, ನಿಲ್ಲಿಸಿ ನಿಲ್ಲಿಸಿ ತಳ್ಳಿದರೆ, ಇಲ್ಲವೇ ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಅಲೆ ಬಂದೇ ಬರುತ್ತದೆ. ದಿಮ್ಮಿಯನ್ನು ಸ್ವಲ್ಪ ಇಳಿಜಾರಾಗಿ ಇಡಿ, ಮಿಲ್ ತನ್ನ ಭಾರಕ್ಕೇ ಇಳಿಯುತ್ತದೆ. ಹಿಂದಿನ ಸೀಳಿಗೆ ಬೆಣೆ ಹೊಡೆಯಿರಿ. ಇಲ್ಲದಿದ್ದರೆ ಬಾರ್ ಸಿಕ್ಕಿಕೊಳ್ಳುತ್ತದೆ.

ಉತ್ತರ 3: ಹಸಿ ಮರವನ್ನು ಈಗಲೇ ಯಾಕೆ ಉಜ್ಜುತ್ತೀರಿ? ಒಣಗುವಾಗ ಹೇಗೂ ಸೊಟ್ಟ ಆಗುತ್ತದೆ ಅಲ್ವಾ! ದಪ್ಪ ಸ್ವಲ್ಪ ಜಾಸ್ತಿ ಇಟ್ಟು ಸೀಳಿ, ಹಲಗೆಗಳ ನಡುವೆ ಮರದ ಪಟ್ಟಿ ಕೊಟ್ಟು ನೆರಳಲ್ಲಿ ಒಣಗಿಸಿ. ಆಮೇಲೆ ರೂಟರ್ ಸ್ಲೆಡ್‌ನಲ್ಲಿ (ಮರ ಕೆತ್ತುವ ರೂಟರ್ ಯಂತ್ರವನ್ನು ಹಲಗೆ ಮೇಲೆ ಸಮನಾಗಿ ಜಾರಿಸುವ ಚೌಕಟ್ಟು) ಮಟ್ಟ ಮಾಡಿ 80 ಗ್ರಿಟ್‌ನ (ಒರಟು) ಸ್ಯಾಂಡ್‌ಪೇಪರ್‌ನಿಂದ ಶುರುಮಾಡಿ.