ನ್ಯಾನೋ ತಾಮ್ರದ ಮದ್ದು ಲ್ಯಾಬಿನಿಂದ ತೋಟಕ್ಕೆ ಬರುವುದು ಯಾಕಿಷ್ಟು ಕಷ್ಟ?

ಶಿರಸಿ_ಹುಡುಗ:
ನಮಸ್ಕಾರ. ಅಡಿಕೆ ಕೊಳೆರೋಗಕ್ಕೆ ತಾಮ್ರದ ನ್ಯಾನೋ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಬಳಸುವ ಬಗ್ಗೆ 4 ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೇನೆ. ಲ್ಯಾಬಿನ ತಟ್ಟೆಯಲ್ಲಿ, ಎಲ್ಲರೂ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣಕ್ಕಿಂತ ಕಡಿಮೆ ತಾಮ್ರಕ್ಕೇ ರೋಗ ನಿಲ್ಲುತ್ತದೆ. 3 ಕಂಪನಿಗೆ ತೋರಿಸಿದೆ. 'ಚೆನ್ನಾಗಿದೆ, ನೋಡೋಣ' ಅಂದವರು ಮತ್ತೆ ಫೋನ್ ಎತ್ತಲಿಲ್ಲ. ಇದನ್ನು ಪೇಪರಿನಲ್ಲೇ ಬಿಡಲು ಮನಸ್ಸಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಕಾರವಾರದವ:
ಕೃಷಿ ಔಷಧಿ ತಯಾರಿಕೆಯಲ್ಲಿ ಬಹಳ ವರ್ಷ ಇದ್ದವನು ನಾನು. ಒಂದು ಸಲಕ್ಕೆ ಎಷ್ಟು ಮಾಡುತ್ತೀರಿ? 100 ಎಂಎಲ್ ಬೀಕರಿನಲ್ಲಿ ಎಲ್ಲ ಕಡೆ ಒಂದೇ ಬಿಸಿ, ಹಾಗಾಗಿ ಕಣಗಳೂ ಹೆಚ್ಚುಕಮ್ಮಿ ಒಂದೇ ಗಾತ್ರ. ಅದೇ 500 ಲೀಟರ್ ಟ್ಯಾಂಕಿನಲ್ಲಿ ಅಂಚಿಗೊಂದು ನಡುವಿಗೊಂದು ಗಾತ್ರ ಬರುತ್ತದೆ, ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ, ತಿಂಗಳು ಬಿಟ್ಟು ನೋಡಿದರೆ ಬಾಟಲಿ ತಳದಲ್ಲಿ ಕೆಸರು. ಆಮೇಲೆ ಅದು ನ್ಯಾನೋನೇ ಅಲ್ಲ.
ಇನ್ನು ಇಂಥ ಶಿಲೀಂಧ್ರನಾಶಕ ಮಾರಲು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕೇ ಬೇಕು. ನ್ಯಾನೋ ಯೂರಿಯಾ 2021ರಲ್ಲಿ ಬಂತಲ್ವಾ ಅನ್ನಬೇಡಿ, ಅದು ಗೊಬ್ಬರ, ಅದರ ನಿಯಮವೇ ಬೇರೆ. ಅಡಿಕೆ ಜನ ಅಗಿಯುವ ವಸ್ತು. ಕಾಯಿಯಲ್ಲಿ ತಾಮ್ರ ಎಷ್ಟು ಉಳಿಯುತ್ತದೆ ಅಂತ ನೋಂದಣಿಯವರು ಕೇಳಿಯೇ ಕೇಳುತ್ತಾರೆ. ಆ ಪರೀಕ್ಷೆಗಳ ಖರ್ಚು ಯಾರದ್ದು ಅನ್ನುವಲ್ಲೇ ಕಂಪನಿಗಳು ಸುಮ್ಮನಾಗುವುದು. ಪೇಪರಿಗಿಂತ ಮೊದಲು ಪೇಟೆಂಟ್ ಅರ್ಜಿ ಹಾಕಿದ್ದೀರಾ?

ಶಿರಸಿ_ಹುಡುಗ:
ಇಲ್ಲ ಸರ್. ಪೇಪರೇ ಮೊದಲು ಬಂತು, 2 ವರ್ಷ ಆಯಿತು.

ಕಾರವಾರದವ:
ಹಾಗಾದರೆ ಅದರಲ್ಲಿ ಬರೆದದ್ದು ಪೇಟೆಂಟಿನ ಲೆಕ್ಕದಲ್ಲಿ ಇನ್ನು ಹೊಸದಲ್ಲ. ಗಂಟು ಕಟ್ಟದಂತೆ ಇಡುವ ದಾರಿ ಸಿಕ್ಕರೆ ಅದನ್ನಾದರೂ ಎಲ್ಲೂ ಹೇಳುವ ಮೊದಲು ಅರ್ಜಿ ಹಾಕಿ.

ತೋಟದ_ಮನೆ:
ತಮಾ, ನಾವು ಬೋರ್ಡೋ ಮಾಡುವುದು ಹೇಳುತ್ತೇನೆ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕತ್ತಿ ಅದ್ದಿ ನೋಡುತ್ತೇವೆ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ. ಇದಕ್ಕೆ ಯಾವ ಕಂಪನಿಯೂ ಬೇಡ. ನಮಗೆ ತಲೆಬಿಸಿ ಮದ್ದಿನದ್ದಲ್ಲ, ಹೊಡೆಯುವವರದ್ದು. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಆ ಎರಡನೇ ಸಲಕ್ಕೆ ಮಳೆ ಬಿಡುವು ಕೊಟ್ಟರೆ ಮರ ಹತ್ತಿ ಹೊಡೆಯುವ ಕೊನೆಗೌಡ ಇಲ್ಲ, ಕೊನೆಗೌಡ ಬಂದರೆ ಮಳೆ. ಕಾರ್ಬನ್ ಫೈಬರ್ ದೋಟಿ (ಉದ್ದ ಕೋಲು) ದುಬಾರಿ, ಆದರೂ ಕೊಂಡೆವು, ನೆಲದ ಮೇಲೆ ನಿಂತೇ ಹೊಡೆಯಬಹುದಲ್ಲ ಅಂತ. ನಿನ್ನ ಮದ್ದು ಒಂದೇ ಸಲ ಹೊಡೆದರೆ ಮಳೆಗಾಲ ದಾಟುತ್ತದಾ? ತಾಮ್ರ ಎಷ್ಟು ಉಳಿತಾಯ ಆಯಿತು ಅಂತ ನಾನು ಕೇಳುವುದಿಲ್ಲ, ಅದನ್ನೇ ಕೇಳುತ್ತೇನೆ.

ಶಿರಸಿ_ಹುಡುಗ:
ಮಳೆಯಲ್ಲಿ ಕಾಯಿಗೆ ಅಂಟಿ ನಿಲ್ಲುತ್ತದಾ ಅಂತ ನಾನು ನೋಡಿಯೇ ಇಲ್ಲ. 4 ವರ್ಷ ತಟ್ಟೆಯಲ್ಲೇ ನೋಡಿದೆ. ಈ ಮಳೆಗಾಲ ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕು.

ತೋಟದ_ಮನೆ:
ತಪ್ಪಿಸಬೇಡ. ಕೆಳಗಿನ ಸಾಲಿನ 10 ಮರ ಬಿಡುತ್ತೇನೆ. ಆ ಕಾಯಿ ಮಾರುವುದಿಲ್ಲ, ಪೂರಾ ನಿನ್ನ ಪರೀಕ್ಷೆಗೇ ಒಯ್ಯಿ. ಗೈಡ್ ಹತ್ತಿರ ಕೇಳಿಕೊಂಡು ಮೇ ಕೊನೆಯೊಳಗೆ ಬಾ.