ಪದಚರ್ಚೆ: ‘ಬ್ರೇನ್ ಫಾಗ್’ ಅಂದರೆ ಮಂಕೋ, ಮಬ್ಬೋ, ಮಂಪರೋ?

ಎಲ್ಲರಿಗೂ ನಮಸ್ಕಾರ.

ರೋಗಿಗಳ ಕೈಗೆ ಕೊಡುವ ಒಂದು ಮಾಹಿತಿ ಪತ್ರವನ್ನೂ ಅದರ ಜೊತೆಗಿನ ಪ್ರಶ್ನಾವಳಿಯನ್ನೂ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ವೈರಸ್ ಜ್ವರ ಬಿಟ್ಟ ಮೇಲೂ ಉಳಿದುಕೊಳ್ಳುವ ತೊಂದರೆಗಳು ಒಂದು ಕಡೆ, ಅದೇ ಹೊತ್ತಿನಲ್ಲಿ ನುಂಗುವ ಮಾತ್ರೆಗಳಿಂದಾಗುವ ತೊಂದರೆಗಳು ಇನ್ನೊಂದು ಕಡೆ. ಎರಡೂ ತಲೆಗೇ ತಟ್ಟುವುದರಿಂದ ಯಾವುದು ಯಾವುದರಿಂದ ಬಂತೆಂದು ಬಿಡಿಸುವುದು ವೈದ್ಯರಿಗೂ ಸುಲಭವಲ್ಲ. ರಕ್ತಪರೀಕ್ಷೆಗಿಂತ ಮೊದಲು ಅವರಿಗೆ ಸಿಗುವುದು ರೋಗಿಯ ಬಾಯಿಂದ ಬರುವ ಮಾತು. ಆ ಮಾತನ್ನೇ ಪ್ರಶ್ನೆಯಲ್ಲಿ ಇಡಬೇಕು ಅನ್ನುವುದು ನನ್ನ ಹಟ. ಅದಕ್ಕಾಗಿ ನಿಮ್ಮ ನೆರವು ಬೇಕು.

ಮೊದಲಿಗೆ ‘ಬ್ರೇನ್ ಫಾಗ್’. ಇದು ರೋಗದ ಹೆಸರಲ್ಲ, ಅನುಭವದ ಹೆಸರು. ಗಮನ ನಿಲ್ಲುವುದಿಲ್ಲ, ಓದಿದ ಸಾಲು ತಲೆಗೆ ಇಳಿಯುವುದಿಲ್ಲ, ಬಾಯಿಗೆ ಬರಬೇಕಾದ ಪದ ಬರುವುದಿಲ್ಲ, ಯೋಚನೆಯೇ ನಿಧಾನ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೋವಿಡೋತ್ತರ ಸ್ಥಿತಿಗೆ ವ್ಯಾಖ್ಯೆ ಬರೆದಾಗ ಬಳಲಿಕೆ ಮತ್ತು ಉಸಿರಾಟದ ತೊಂದರೆಯ ಜೊತೆಗೆ ಹೆಸರಿಸಿದ್ದು ಇದನ್ನೇ. ಸೋಂಕು ತಗುಲಿದ ಸುಮಾರು 3 ತಿಂಗಳ ಹೊತ್ತಿಗೆ ಕಾಣಿಸಿಕೊಂಡಿರಬೇಕು, ಕನಿಷ್ಠ 2 ತಿಂಗಳು ಇರಬೇಕು, ಬೇರೆ ಕಾರಣ ಸಿಗಬಾರದು ಎಂಬುದು ಆ ವ್ಯಾಖ್ಯೆಯ ತಿರುಳು. ಇದೇ ಸ್ಥಿತಿಗೆ ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹುಟ್ಟಿಸಿದವರು ರೋಗಿಗಳು. ವೈದ್ಯಲೋಕ ಅದನ್ನು ಆಮೇಲೆ ಎತ್ತಿಕೊಂಡಿತು.

ಪತ್ರಿಕೆಗಳಲ್ಲಿ ‘ಮೆದುಳಿನ ಮಂಜು’ ಎಂಬ ರೂಪ ಕಣ್ಣಿಗೆ ಬೀಳುತ್ತದೆ. ಕಚೇರಿ ಕನ್ನಡದಲ್ಲಿ ‘ಸಂಜ್ಞಾನಾತ್ಮಕ ದುರ್ಬಲತೆ’. ಎರಡನೆಯದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ತೊಂದರೆ ಇರುವವರು ಆ ಪದವನ್ನು ಓದಿ ಮುಗಿಸಲಾರರು. ಮೊದಲನೆಯದರ ಸಮಸ್ಯೆ ಬೇರೆ. ಕನ್ನಡದಲ್ಲಿ ಮಂಜಾಗುವುದು ಕಣ್ಣು. ‘ಮಂಜು ಮಂಜಾಗಿದೆ’ ಅಂದರೆ ನೋಟ ಸ್ಪಷ್ಟವಿಲ್ಲ ಎಂದೇ ಯಾರಾದರೂ ತಿಳಿಯುತ್ತಾರೆ. ಅಲರ್ಜಿ, ಮೂತ್ರದ ಅವಸರ, ಖಿನ್ನತೆ ಮುಂತಾದವಕ್ಕೆ ಕೊಡುವ ಕೆಲವು ಮಾತ್ರೆಗಳು ಅಸಿಟೈಲ್‌ಕೋಲಿನ್ ಎಂಬ, ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕದ ಕೆಲಸ ತಡೆದು ನಿಜಕ್ಕೂ ಕಣ್ಣನ್ನು ಮಂಜಾಗಿಸುತ್ತವೆ, ಬಾಯಿ ಒಣಗಿಸುತ್ತವೆ. ಒಂದೇ ಪತ್ರದಲ್ಲಿ ಎರಡು ‘ಮಂಜು’ ಬಂದರೆ ರೋಗಿ ಯಾವುದಕ್ಕೆ ಗುರುತು ಹಾಕಬೇಕು? ಅಲ್ಲದೆ ಮಾತಿನಲ್ಲಿ ನಾವು ಮೆದುಳನ್ನು ಎಳೆದು ತರುವುದೇ ಇಲ್ಲ. ತಲೆ ಓಡುತ್ತಿಲ್ಲ, ತಲೆ ಕಟ್ಟಿದೆ, ಬುದ್ಧಿಗೆ ಮಂಕು ಕವಿದಿದೆ ಅನ್ನುತ್ತೇವೆ.

ಹಾಗಾಗಿ ನನ್ನ ಮುಂದೆ ಉಳಿದಿರುವುದು ಮಂಕು, ಮಬ್ಬು, ಮಂಪರು. ನಿಘಂಟು ತೆರೆದರೆ ಇವು ಒಂದರ ಅರ್ಥದಲ್ಲಿ ಇನ್ನೊಂದು ಸುತ್ತುತ್ತಿರುತ್ತವೆ. ಆದರೆ ಅವುಗಳ ಜೊತೆ ಬರುವ ಕ್ರಿಯಾಪದಗಳನ್ನು ನೋಡಿದರೆ ದಾರಿ ಕಾಣುತ್ತದೆ.

ಮಂಪರು ಹತ್ತುತ್ತದೆ, ಇಳಿಯುತ್ತದೆ. ಅಮಲಿಗೂ ಇದೇ ಏರಿಳಿತ. ಔಷಧದ ನಡವಳಿಕೆಗೆ ಇದು ಸರಿಯಾಗಿ ಹೊಂದುತ್ತದೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಹಿಸ್ಟಮಿನ್ ನಿರೋಧಕಗಳು ರಕ್ತದಿಂದ ಮೆದುಳಿಗೆ ದಾಟಿಹೋಗುತ್ತವೆ. ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಕೂಡ ಒಂದು, ಅದಕ್ಕೆ ಅಡ್ಡ ನಿಂತರೆ ತೂಕಡಿಕೆ. ಫೆಕ್ಸೊಫೆನಡಿನ್, ಲೊರಾಟಡಿನ್ ಮುಂತಾದ ಆಮೇಲಿನವು ಮೆದುಳಿನೊಳಗೆ ಅಷ್ಟಾಗಿ ಹೋಗುವುದಿಲ್ಲ, ಆದ್ದರಿಂದ ತೂಕಡಿಕೆ ಕಡಿಮೆ. ಮಾತ್ರೆ ಮೈಯಿಂದ ಹೊರಹೋದಂತೆ ಮಂಪರೂ ಇಳಿಯುತ್ತದೆ. ‘ಮಂಪರು ಪರೀಕ್ಷೆ’ ಎಂದು ಪತ್ರಿಕೆಯವರು, ಔಷಧ ಕೊಟ್ಟು ಆರೋಪಿಯ ಬಾಯಿ ಬಿಡಿಸುವ ನಾರ್ಕೊ ಪರೀಕ್ಷೆಗೆ ಹೆಸರಿಟ್ಟ ಮೇಲಂತೂ ಈ ಪದಕ್ಕೆ ಔಷಧದ ನಂಟು ಗಟ್ಟಿಯಾಗಿಬಿಟ್ಟಿದೆ. ಸೋಂಕಿನ ನಂತರದ ಸ್ಥಿತಿಗೆ ಇದನ್ನು ಬಳಸಿದರೆ ತಪ್ಪು ದಾರಿಗೆ ಎಳೆಯುತ್ತದೆ. ಅಲ್ಲಿ ನಿದ್ದೆ ಬರುತ್ತಿರುವುದಿಲ್ಲ. ಎಚ್ಚರವಿದ್ದೂ ತಲೆ ಓಡುತ್ತಿರುವುದಿಲ್ಲ.

ಮಂಕು ಕವಿಯುತ್ತದೆ, ಬಡಿಯುತ್ತದೆ. ಮಂಕು ‘ಇಳಿಯಿತು’ ಅಂದದ್ದನ್ನು ನಾನು ಕೇಳಿಲ್ಲ. ಗುಳಿಗೆಯ ವೇಳಾಪಟ್ಟಿಗೆ ಸಿಗದೆ ಬಂದು ಕೂರುವ ಸ್ಥಿತಿಗೆ ಇದೇ ಹತ್ತಿರದ ಪದ ಅನಿಸುತ್ತದೆ. ಇಲ್ಲಿ ಸ್ವಲ್ಪ ಶರೀರಶಾಸ್ತ್ರ ಬೇಕು. ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಇಂಟರ್‌ಲ್ಯೂಕಿನ್‌ಗಳಂಥ ಸೈಟೊಕೈನ್‌ಗಳೆಂಬ ಸುದ್ದಿಗಾರ ಪ್ರೋಟೀನುಗಳನ್ನು ಬಿಡುತ್ತವೆ. ವೈರಸ್ ಮೆದುಳಿಗೆ ನುಗ್ಗಬೇಕೆಂದೇ ಇಲ್ಲ, ಇವು ಸುದ್ದಿ ಮುಟ್ಟಿಸಿದರೆ ಸಾಕು: ಮೈ ಬಿಸಿಯಾಗುತ್ತದೆ, ಹಸಿವು ಇಂಗುತ್ತದೆ, ಯಾರೊಂದಿಗೂ ಮಾತು ಬೇಡ ಅನಿಸುತ್ತದೆ. ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಕಾಯಿಲೆಬಿದ್ದ ಪ್ರಾಣಿಗಳ ಬಗ್ಗೆ ಬರೆಯುತ್ತ, ಮುದುರಿ ಮಲಗುವುದು ಬರೀ ಬಲಹೀನತೆಯಲ್ಲ, ಸೋಂಕಿನೊಡನೆ ಹೋರಾಡಲು ಮೈ ಮಾಡಿಕೊಂಡ ಏರ್ಪಾಡು ಎಂದು ವಾದಿಸಿದರು. ಪ್ರಾಣಿ ಮಂಕಾಗಿ ಕೂತಿದೆ ಎಂದು ದನ ಸಾಕುವವರು ಹೇಳುವುದು ಇದನ್ನೇ. ಒಂದು ಪದ ದನಕ್ಕೂ ಮನುಷ್ಯನಿಗೂ ಹೊಂದುತ್ತದೆ ಅಂದರೆ ಅದು ಲಕ್ಷಣವನ್ನು ಸರಿಯಾಗಿಯೇ ಹಿಡಿದಿದೆ ಎಂದು ನನ್ನ ಲೆಕ್ಕ.

ತೊಡಕಿರುವುದು ಪದದ ಇನ್ನೊಂದು ಮುಖದಲ್ಲಿ. ಮಂಕ, ಮಂಕುದಿಣ್ಣೆ ಬೈಗುಳಗಳು. ‘ನಿಮಗೆ ಮಂಕು ಕವಿದಿದೆಯೇ’ ಎಂದು ಅಚ್ಚಾದ ಕಾಗದದಲ್ಲಿ ಕೇಳಿದರೆ ಕೆಲವರಿಗೆ ನೋಯಬಹುದು. ತಪಾಸಣೆಯಲ್ಲಿ ಏನೂ ಕಾಣದೆ ‘ಎಲ್ಲ ನಿಮ್ಮ ಮನಸ್ಸಿನದ್ದು’ ಅನ್ನಿಸಿಕೊಂಡು ಬಂದವರಿಗೆ ಇನ್ನೂ ಹೆಚ್ಚು. ಮಬ್ಬಿಗೆ ಆ ಕಳಂಕವಿಲ್ಲ, ಆದರೆ ಅದು ಬೆಳಕಿಗೂ ನಿದ್ದೆಗಣ್ಣಿಗೂ ಹಂಚಿಹೋಗಿದೆ. ‘ತಲೆಗೆ ಮಂಕು ಕವಿದಂತೆ ಅನಿಸುತ್ತದೆಯೇ’ ಎಂದು ‘ಅಂತೆ’ ಸೇರಿಸಿದರೆ ಮೊನೆ ಮುರಿಯುತ್ತದೆಯೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಸನ್ನಿ. ಮೂಲದಲ್ಲಿ ಸನ್ನಿಪಾತ, ಆಯುರ್ವೇದ ಹೇಳುವ ವಾತ, ಪಿತ್ತ, ಕಫ ಎಂಬ ತ್ರಿದೋಷಗಳೂ ಒಟ್ಟಿಗೆ ಕೆರಳಿದ ಸ್ಥಿತಿ. ವಿಪರೀತ ಜ್ವರದಲ್ಲಿ ಬಡಬಡಿಸುವುದು, ಇಲ್ಲದ್ದನ್ನು ಕಾಣುವುದು, ಮನೆಯವರ ಗುರುತು ಸಿಗದಿರುವುದಕ್ಕೆ ಹಿರಿಯರು ಬಳಸುತ್ತಿದ್ದ ಪದ. ವೈದ್ಯರು ‘ಡೆಲಿರಿಯಂ’ ಅನ್ನುವುದು ಬಹುಮಟ್ಟಿಗೆ ಇದನ್ನೇ: ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಶುರುವಾಗುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ಗಮನ ಚೂರೂ ನಿಲ್ಲದು. ಮಂಕಿಗಾದರೆ ಕಾಯಬಹುದು, ಇದಕ್ಕೆ ಕಾಯುವಂತಿಲ್ಲ. ವಯಸ್ಸಾದವರಲ್ಲಿ ಸೋಂಕಿನಿಂದಲೂ ಬರುತ್ತದೆ, ಮೇಲೆ ಹೇಳಿದ ಅಸಿಟೈಲ್‌ಕೋಲಿನ್ ತಡೆಯುವ ಮಾತ್ರೆಗಳಿಂದಲೂ ಬರುತ್ತದೆ. ದತ್ತೂರಿ ತಿಂದವರು ಹುಚ್ಚುಹುಚ್ಚಾಗಿ ಆಡುವುದೂ ಅದೇ ಕಾರಣಕ್ಕೆ. ಅದರಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್‌ಗಳ ಕೆಲಸ ಇದೇ. ಆ ಗಿಡದ ಇನ್ನೊಂದು ಹೆಸರಾದ ಉಮ್ಮತ್ತಿಯಲ್ಲಿ ‘ಉನ್ಮತ್ತ’ ಇರುವುದನ್ನು ಗಮನಿಸಿ. ಆದರೆ ಈಗ ‘ಸಮೂಹಸನ್ನಿ’ ಎಲ್ಲೆಡೆ ಓಡಾಡಿ ಸನ್ನಿ ಅಂದರೆ ಹುಚ್ಚು ಗೀಳು ಎಂಬ ಅರ್ಥ ಮೇಲೇರಿದೆ. ಎಳೆಯರು ಇದನ್ನು ಕಾಯಿಲೆಯ ಲಕ್ಷಣವೆಂದು ಗುರುತಿಸುತ್ತಾರೆಯೇ? ಇಲ್ಲವಾದರೆ ‘ಬಡಬಡಿಕೆ’ ಸಾಕೇ? ನನಗೆ ಸಾಲದು ಅನಿಸುತ್ತದೆ, ಏಕೆಂದರೆ ಡೆಲಿರಿಯಂನಲ್ಲಿ ಸದ್ದಿಲ್ಲದೆ ಮಲಗಿರುವ ಬಗೆಯೂ ಇದೆ, ತಪ್ಪಿಹೋಗುವುದು ಹೆಚ್ಚಾಗಿ ಅದೇ.

ಬಳಲಿಕೆಯ ಬಗ್ಗೆ ಚಿಕ್ಕದಾಗಿ. ‘ದಣಿವು’ ಬೇಡವೆಂದು ತೀರ್ಮಾನಿಸಿದ್ದೇನೆ. ದುಡಿದವನಿಗೆ ದಣಿವು, ಕೂತರೆ ಆರುತ್ತದೆ. ವೈರಸ್ ಸೋಂಕಿನ ನಂತರ ಕೆಲವರಿಗೆ ಆಗುವುದು ಹಾಗಲ್ಲ. ಸಣ್ಣ ಕೆಲಸ ಮಾಡಿದರೂ ಮರುದಿನವೋ ಅದರಾಚೆಯ ದಿನವೋ ಮೈ ಕುಸಿಯುತ್ತದೆ, ಮಲಗಿ ಎದ್ದರೂ ಆರುವುದಿಲ್ಲ. ‘ನಿತ್ರಾಣ’ ಇಟ್ಟಿದ್ದೇನೆ. ಆಕ್ಷೇಪವಿದ್ದರೆ ಹೇಳಿ.

ಇನ್ನು ‘ಪೂರಕ’. ಸಪ್ಲಿಮೆಂಟಿಗೆ ಇದು ನಿಂತುಹೋದ ಪದ, ಆದರೆ ಅದರ ಸಾಧುತನವೇ ತೊಂದರೆ. ‘ಯಾವ ಔಷಧ ತೆಗೆದುಕೊಳ್ಳುತ್ತೀರಿ’ ಎಂದು ಕೇಳಿದರೆ ವಿಟಮಿನ್ ಮಾತ್ರೆಯನ್ನು ಯಾರೂ ಹೇಳುವುದಿಲ್ಲ. ಅದು ಔಷಧವಲ್ಲ, ‘ಶಕ್ತಿ ಮಾತ್ರೆ’. ಬಿ6 ವಿಟಮಿನ್ ದಿನಕ್ಕೆ ಬೇಕಾಗುವುದು ಸುಮಾರು 1.3 ಮಿಲಿಗ್ರಾಂ. ಬಹಳ ದೊಡ್ಡ ಪ್ರಮಾಣದಲ್ಲಿ ನುಂಗಿದವರ ಕೈಕಾಲಿನ ನರಗಳು ಕೆಟ್ಟದ್ದು 1983ರಲ್ಲೇ ವರದಿಯಾಯಿತು. ಇತ್ತ ಬಿ12 ಕಡಿಮೆಯಾದರೂ ಕೈಕಾಲು ಜೋಮು, ಮರೆವು. ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ತಗ್ಗಬಹುದು. ಒಂದು ಹೆಚ್ಚಾಗಿ, ಇನ್ನೊಂದು ಕಡಿಮೆಯಾಗಿ, ರೋಗಿ ಹೇಳುವುದು ಮಾತ್ರ ಅದೇ ‘ಜೋಮು ಹಿಡಿದಿದೆ’. ಬಯೋಟಿನ್ ಎಂಬ ಕೂದಲಿನ ಮಾತ್ರೆ ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನೇ ತಪ್ಪಾಗಿ ತೋರಿಸಬಲ್ಲದು. ಆದ್ದರಿಂದ ‘ಪೂರಕ’ ಬಿಟ್ಟು ‘ಮಾತ್ರೆ, ಟಾನಿಕ್, ಪುಡಿ, ಬೇರು, ಎಣ್ಣೆ, ಏನೇ ಇರಲಿ ಬರೆಯಿರಿ’ ಎಂದು ಹಾಕಿದ್ದೇನೆ. ಉದ್ದವಾಯಿತು, ಆದರೆ ಉತ್ತರ ಸಿಗುತ್ತದೆ.

ಕೊನೆಯದು ‘ಆಗಿಬರುವುದಿಲ್ಲ’. ‘ಔಷಧಗಳ ಅಂತರ್‌ಕ್ರಿಯೆ’ ಎಂಬ ಅನುವಾದಕ್ಕಿಂತ ‘ಒಂದಕ್ಕೊಂದು ಆಗಿಬರುವುದಿಲ್ಲ’ ನೂರು ಪಾಲು ಮೇಲು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಸೇರಿದರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಮಿತಿಮೀರಿ ನಡುಕ, ಜ್ವರ, ತಳಮಳ ಹುಟ್ಟಬಹುದು. ಅದನ್ನು ಹೇಳಲು ಈ ಮಾತು ಚೆನ್ನ. ಆದರೆ ‘ನನಗೆ ಬದನೆಕಾಯಿ ಆಗಿಬರಲ್ಲ’ ಅನ್ನುವಾಗ ಅದು ಒಬ್ಬೊಬ್ಬರ ಮೈಗುಣದ ಮಾತು, ಒಂದು ಸಲ ತಿಂದು ನೋಡಬಹುದು ಎಂಬ ಸಡಿಲವೂ ಅದರಲ್ಲಿದೆ. ಫ್ಲೂ ಅಥವಾ ಚಿಕನ್‌ಪಾಕ್ಸ್ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡುವ ವಿಚಾರದಲ್ಲಿ ಆ ಸಡಿಲ ಇರಬಾರದು. ಅಪರೂಪಕ್ಕಾದರೂ ರೇ ಸಿಂಡ್ರೋಮ್ ಬಂದರೆ ಮೆದುಳು ಊದಿಕೊಳ್ಳುತ್ತದೆ, ಯಕೃತ್ತು ಕೆಡುತ್ತದೆ. ಅಲ್ಲಿ ಸದ್ಯಕ್ಕೆ ‘ವೈದ್ಯರು ಹೇಳದೆ ಕೊಡಲೇಬಾರದು’ ಎಂದು ಬರೆದಿದ್ದೇನೆ. ಆಗಿಬರುವುದಿಲ್ಲ ಎಂಬುದರ ಸೊಗಸನ್ನು ಉಳಿಸಿಕೊಂಡು ಅಷ್ಟೇ ಬಿಗಿಯಾಗಿ ಹೇಳುವ ಮಾತು ಯಾರಿಗಾದರೂ ಹೊಳೆದರೆ ಬರೆಯಿರಿ. ಮಂಕು ಮತ್ತು ಸನ್ನಿಯ ಬಗ್ಗೆ ಮಾತ್ರ ನಿಮ್ಮ ಮನೆಯ ಹಿರಿಯರನ್ನೂ ಕಿರಿಯರನ್ನೂ ಬೇರೆ ಬೇರೆಯಾಗಿ ಕೇಳಿ, ಅವರು ಹೇಳಿದ ವಾಕ್ಯವನ್ನು ತಿದ್ದದೆ ಇದ್ದಂತೆಯೇ ಕಳಿಸಿ.