ಬಂಗು ಇರುವ ಮುಖಕ್ಕೆ ಮದುವೆ ದಿನದ ಮೇಕಪ್: ಪ್ರಶ್ನೋತ್ತರ

ಪ್ರಶ್ನೆ (ಚಿತ್ರದುರ್ಗದ ಸದಸ್ಯೆ): ನನಗೆ 34 ವರ್ಷ. ಎರಡನೆಯ ಹೆರಿಗೆಯ ನಂತರ ಕೆನ್ನೆಗಳ ಮೇಲೂ ಮೇಲ್ದುಟಿಯ ಮೇಲೂ ಬಂಗು ಕಾಣಿಸಿಕೊಂಡಿದೆ. ಬಿಸಿಲಿನಲ್ಲಿ ಓಡಾಡಿದ ವಾರ ಅದು ಗಾಢವಾಗುತ್ತದೆ, ಮನೆಯಲ್ಲೇ ಇದ್ದರೆ ತಿಳಿಯಾಗುತ್ತದೆ. ಕೆಲವು ದಿನ ಮೂಗಿನ ಅಕ್ಕಪಕ್ಕ ಕೆಂಪೂ ಇರುತ್ತದೆ. ವೈಶಾಖದಲ್ಲಿ ದಾವಣಗೆರೆಯಲ್ಲಿ ತಂಗಿಯ ಮದುವೆಯಿದೆ. ಫೌಂಡೇಶನ್ ಹಚ್ಚಿಕೊಂಡರೆ ಊಟದ ಹೊತ್ತಿಗೆ ಬಂಗಿನ ಜಾಗ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಮುಖ ಸಹಜವಾಗಿ ಕಾಣಬೇಕು, ಸಂಜೆಯವರೆಗೂ ಉಳಿಯಬೇಕು. ಏನು ಮಾಡಲಿ?

ಉತ್ತರ (ದಾವಣಗೆರೆಯ ಮೇಕಪ್ ಕಲಾವಿದೆ): ಬೂದು ಬಣ್ಣಕ್ಕೆ ಕಾರಣ ಸಾಮಾನ್ಯವಾಗಿ ಫೌಂಡೇಶನ್ನಿನ ಬೆಲೆಯಲ್ಲ, ಅದರ ಶೇಡ್. ಬಂಗಿನ ವರ್ಣದ್ರವ್ಯ ಚರ್ಮದ ಆಳದಲ್ಲಿದ್ದಷ್ಟೂ ಹೊರಗಿನಿಂದ ನೀಲಿ ಬೆರೆತ ಕಂದಾಗಿ ಕಾಣುತ್ತದೆ. ಅದರ ಮೇಲೆ ತಿಳಿಬಣ್ಣದ ಫೌಂಡೇಶನ್ ಹಚ್ಚಿದರೆ ಕಲೆ ಮರೆಯಾಗುವ ಬದಲು ಬೂದಿ ಬಳಿದಂತಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಮೊದಲು ನೀಲಿಯನ್ನು ತಣಿಸುವ ಬಣ್ಣ ಹಾಕುವುದು: ಗೋಧಿ ಬಣ್ಣದ ಮುಖಕ್ಕೆ ಪೀಚ್ ಕರೆಕ್ಟರ್, ಇನ್ನೂ ಕಪ್ಪಾದ ಮೈಬಣ್ಣಕ್ಕೆ ಕಿತ್ತಳೆ. ಅದನ್ನು ಬಂಗಿನ ಮೇಲೆ ಮಾತ್ರ, ಬೆರಳ ತುದಿಯಿಂದ ಉಜ್ಜದೆ ತಟ್ಟಿ, ಅಂಚುಗಳು ಸುತ್ತಲಿನ ಚರ್ಮದಲ್ಲಿ ಕರಗುವಷ್ಟು ತೆಳುವಾಗಿ ಹಚ್ಚಬೇಕು. ಅದರ ಮೇಲೆ ನಿಮ್ಮ ಕುತ್ತಿಗೆಯ ಬಣ್ಣಕ್ಕೆ ಹೊಂದುವ ಫೌಂಡೇಶನ್ ಒಂದೇ ಒಂದು ತೆಳು ಪದರ ಸಾಕು. ನಮ್ಮ ಕಡೆ ಮದುವೆಗೆಂದರೆ ಎರಡು ಶೇಡ್ ಬೆಳ್ಳಗೆ ಮಾಡಿ ಎಂದು ಹಿರಿಯರು ಒತ್ತಾಯಿಸುವುದುಂಟು. ದಯವಿಟ್ಟು ಒಪ್ಪಬೇಡಿ. ಬಂಗು ಇರುವ ಮುಖವನ್ನು ಆ ಬಿಳುಪು ಮರೆಮಾಡುವುದಕ್ಕಿಂತ ಹೆಚ್ಚಾಗಿ ಬಯಲು ಮಾಡುತ್ತದೆ.

ಶೇಡ್ ಆರಿಸುವಾಗ ಅಂಗಡಿಯ ದೀಪವನ್ನು ನಂಬದೆ, ದವಡೆಯ ಮೇಲೆ ಒಂದು ಗೆರೆ ಎಳೆದುಕೊಂಡು ಹಗಲು ಬೆಳಕಿಗೆ ಬಂದು 15-20 ನಿಮಿಷ ಕಾಯಿರಿ, ಏಕೆಂದರೆ ಕೆಲವು ಫೌಂಡೇಶನ್‌ಗಳು ಮುಖದ ಜಿಡ್ಡು ಮತ್ತು ಗಾಳಿ ತಾಗಿದ ಮೇಲೆ ಗಾಢವಾಗುತ್ತವೆ.

ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು ಅರಿಶಿನ ಶಾಸ್ತ್ರದ್ದು. ತಂಗಿಗೆ ಹಚ್ಚುವಾಗ ಅಕ್ಕನ ಕೆನ್ನೆಗೂ ಅರಿಶಿನ ಬೀಳದೆ ಇರುವುದಿಲ್ಲ, ಮರುದಿನ ಅದೇ ಹಳದಿಯ ಮೇಲೆ ಮೇಕಪ್ ಮಾಡಬೇಕಾಗುತ್ತದೆ. ಅದನ್ನು ಸೋಪಿನಿಂದ ತಿಕ್ಕಬೇಡಿ. ಅರಿಶಿನದ ಬಣ್ಣ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಸೋಪೂ ಕ್ಷಾರವೇ ಆದ್ದರಿಂದ ಮುಖ ಕೆಂಪುಕೆಂಪಾಗಿ ಕಾಣುತ್ತದೆ, ತಿಕ್ಕಿದ ಉರಿಯೂ ಅದಕ್ಕೆ ಸೇರುತ್ತದೆ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುವುದರಿಂದ, ಆ ರಾತ್ರಿಯೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಹತ್ತಿಯಿಂದ ಒರೆಸಿ, ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆಯಿರಿ.

ಮೇಕಪ್‌ಗೆ ಮೊದಲು ಹಚ್ಚುವ ಪ್ರೈಮರ್‌ಗಿಂತ ನಾನು ಹೆಚ್ಚು ಮಹತ್ವ ಕೊಡುವುದು ಬಣ್ಣದ ಸನ್‌ಸ್ಕ್ರೀನ್‌ಗೆ. ಬಂಗನ್ನು ಕೆರಳಿಸುವುದು ಅತಿನೇರಳೆ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು. ಅದನ್ನು ತಡೆಯಲು ನೆರವಾಗುವುದು ಬಣ್ಣದ ಸನ್‌ಸ್ಕ್ರೀನ್‌ನಲ್ಲಿರುವ ಐರನ್ ಆಕ್ಸೈಡ್ ಎಂಬ ಬಣ್ಣದ ಪುಡಿ. ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಮುಖಕ್ಕೂ ಕುತ್ತಿಗೆಗೂ ಎರಡು ಬೆರಳುದ್ದದಷ್ಟು ತೆಗೆದುಕೊಂಡು, ಇವತ್ತಿನಿಂದಲೇ ಪ್ರತಿದಿನ ಹಚ್ಚಲು ಆರಂಭಿಸಿ. ಮದುವೆಯ ದಿನ ಮರೆಮಾಡಬೇಕಾದದ್ದು ಕಡಿಮೆಯಾಗಬಹುದು. ಅಂದು ಬೆಳಗ್ಗೆ ಇದೇ ಮೊದಲ ಪದರ. ಅದು ಚರ್ಮದ ಮೇಲೆ ಕೂರುವವರೆಗೆ ಕಾದು, ನಂತರ ಕರೆಕ್ಟರ್ ಮುಟ್ಟಿರಿ.

ದಾವಣಗೆರೆಯ ವೈಶಾಖದ ಸೆಖೆ ನಿಮಗೆ ಗೊತ್ತೇ ಇದೆ. ಆ ಸೆಖೆಯಲ್ಲಿ ದಪ್ಪ ಪದರ ಬಿರುಕು ಬಿಡುತ್ತದೆ, ತೆಳು ಪದರ ಉಳಿಯುತ್ತದೆ. ಪೌಡರನ್ನು ಹಣೆ, ಮೂಗು, ಗಲ್ಲಕ್ಕೆ ಮಾತ್ರ ಒತ್ತಿ. ಕೆನ್ನೆಯ ಒಣಚರ್ಮಕ್ಕೆ ಹಾಕಿದರೆ ಬಂಗಿನ ಜಾಗ ಮೊದಲು ಎದ್ದು ಕಾಣುತ್ತದೆ. ಅಚ್ಚ ಬಿಳಿಯ ಸಿಲಿಕಾ ಪೌಡರ್ ಫ್ಲಾಷ್ ಬೆಳಕಿನಲ್ಲಿ ಬೆಳ್ಳಗೆ ಹೊಳೆಯುವುದರಿಂದ, ಫೋಟೊಗಳಿಗಾಗಿ ಮೈಬಣ್ಣದ ಪೌಡರೇ ಇರಲಿ. ಕೊನೆಗೆ ಮೇಕಪ್ ಕದಲದಂತೆ ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ.

ಪ್ರಶ್ನೆ (ಅದೇ ಸದಸ್ಯೆ): ಆ ದಿನ ಬೆಳಗ್ಗೆ ಬಂಗು ಹೇಗಿರುತ್ತದೋ ಗೊತ್ತಿಲ್ಲವಲ್ಲ? ಮೂಗಿನ ಕೆಂಪಿಗೆ ಹಸಿರು ಕರೆಕ್ಟರ್ ಬೇಕೇ?

ಉತ್ತರ: ಫೌಂಡೇಶನ್ ಬದಲಿಸಬೇಡಿ, ಕರೆಕ್ಟರ್ ಮಾತ್ರ ಬದಲಿಸಿ. ತಿಳಿ ಪೀಚ್ ಒಂದು, ಅದಕ್ಕಿಂತ ಗಾಢವಾದದ್ದು ಒಂದು ಇಟ್ಟುಕೊಳ್ಳಿ. ಮುಖ ತೊಳೆದ ತಕ್ಷಣ ಚರ್ಮ ಸ್ವಲ್ಪ ಕೆಂಪಗಿರುವುದರಿಂದ, ಕಾಲು ಗಂಟೆ ಬಿಟ್ಟು ಕಿಟಕಿಯ ಬಳಿ ಕನ್ನಡಿ ನೋಡಿ ನಿರ್ಧರಿಸಿ. ಬಂಗು ತಿಳಿಯಾಗಿದ್ದರೆ ಕರೆಕ್ಟರನ್ನೇ ಬಿಟ್ಟುಬಿಡಬಹುದು. ಮೂಗಿನ ಕೆಂಪಿಗೆ ನಾನು ಹಸಿರು ಬಳಸುವುದಿಲ್ಲ, ನಮ್ಮ ಮೈಬಣ್ಣದ ಮೇಲೆ ಅದು ರೋಗಿಷ್ಠ ಕಳೆ ತರುತ್ತದೆ. ಹಳದಿ ಛಾಯೆಯ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಒಂದು ಚುಕ್ಕೆಯಷ್ಟು ಸಾಕು.

ಪ್ರಶ್ನೆ (ದಾವಣಗೆರೆಯ ಇನ್ನೊಬ್ಬ ಸದಸ್ಯೆ): ಔಷಧದಂಗಡಿಯವರು ಕೊಟ್ಟ ಕ್ರೀಮಿನಿಂದ ಬಂಗು ವಾರದಲ್ಲೇ ತಿಳಿಯಾಯಿತು. ಈಗ ಅದನ್ನು ಬಿಟ್ಟರೆ ಮುಖ ಉರಿದು ಕೆಂಪಾಗುತ್ತದೆ. ಇದನ್ನು ಮುಚ್ಚಲು ಯಾವ ಮೇಕಪ್ ಒಳ್ಳೆಯದು?

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ನೀವು ಹೇಳಿದ ಲಕ್ಷಣ ಸ್ಟೀರಾಯ್ಡ್ ಇರುವ ಕ್ರೀಮ್ ಬಳಸಿದವರಲ್ಲಿ ಕಾಣುವಂಥದ್ದು. ಅಂಥ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಅದನ್ನು ಮುಂದುವರಿಸಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗಬಹುದು, ಮೊಡವೆಯೂ ಏಳಬಹುದು. ಒಮ್ಮೆಲೇ ನಿಲ್ಲಿಸಿದರೆ ಉರಿ ಹೆಚ್ಚಬಹುದು. ಆದ್ದರಿಂದ ಹೇಗೆ ಬಿಡಬೇಕೆಂಬುದನ್ನು ಚರ್ಮರೋಗ ತಜ್ಞರೇ ಹೇಳಬೇಕು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ಆ ಟ್ಯೂಬನ್ನು ಜೊತೆಗೆ ಒಯ್ಯಿರಿ, ಅದರ ಮೇಲೆ ಬರೆದಿರುವ ಔಷಧದ ಹೆಸರು ಅವರಿಗೆ ಮುಖ್ಯ.

ಪ್ರಶ್ನೆ (ಮೊದಲ ಸದಸ್ಯೆ): ಛತ್ರದಲ್ಲಿ ಊಟವಾದ ಮೇಲೆ ಮತ್ತೆ ಪೌಡರ್ ಹಾಕಿಕೊಳ್ಳಬಹುದೇ?

ಉತ್ತರ: ಬೆವರಿನ ಮೇಲೆ ಖಂಡಿತ ಬೇಡ, ಗಂಟುಗಟ್ಟುತ್ತದೆ. ಟಿಶ್ಯೂವನ್ನು ಒರೆಸದೆ ಒತ್ತಿ ಬೆವರು ತೆಗೆಯಿರಿ. ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ಕೆನ್ನೆಯನ್ನು ತಟ್ಟಿದರೆ ಸರಿದ ಫೌಂಡೇಶನ್ ಮತ್ತೆ ಕೂರುತ್ತದೆ. ಬಂಗು ಇಣುಕಿದ ಕಡೆ ಮಾತ್ರ ಸ್ವಲ್ಪ ಕರೆಕ್ಟರ್ ಸೇರಿಸಿ, ಆಮೇಲೂ ಮೂಗು ಮಿನುಗುತ್ತಿದ್ದರೆ ಅಲ್ಲಿಗಷ್ಟೇ ಪೌಡರ್ ಹಾಕಿ.